ಬರ್ಲಾ? ಬರ್ಲಿ

ಮಾರ್ಚ್ 4, ಮಂಗಳವಾರ. ಸಂಜೆ 7.20

ಇವತ್ತು ಯಾರ್ಡಿನಲ್ಲಿ ಪರೀಕ್ಷೆಗೆ ಆರು ಗಾಡಿ. ಎಲ್ಲಾ ಹೊಸ ಮಾಡೆಲ್ಲಿನವು, ಕಡಿಮೆ ಬೆಲೆಯವು. ಹಿಂಬದಿ ತೋರಿಸುವ ಪರದೆ ಇಲ್ಲ, ಬರೀ ಶಬ್ದ. ಹಿಂದಿನ ಬಂಪರಿನಲ್ಲಿ ನಾಲ್ಕು ಸೆನ್ಸರ್, ಡ್ಯಾಶ್‌ಬೋರ್ಡ್ ಒಳಗೆ ಒಂದು ಬಜರ್. ಹಿಂದೆ ಏನಾದರೂ ಅಡ್ಡ ಇದ್ದರೆ ಒಂದೂವರೆ ಮೀಟರಿನಿಂದಲೇ ಕೂಗಲು ಶುರು ಮಾಡಬೇಕು. ಹತ್ತಿರ ಹೋದಷ್ಟೂ ಬೇಗ ಬೇಗ. ಮೂವತ್ತು ಸೆಂಟಿಮೀಟರಿಗೆ ಬಂದರೆ ಬಿಡುವಿಲ್ಲದ ಒಂದೇ ಕೂಗು. ನನ್ನ ಕೆಲಸ ಇಷ್ಟೇ — ರಿವರ್ಸ್ ಹಾಕುವುದು, ಕಿವಿಗೊಡುವುದು, ನೆಲದ ಮೇಲೆ ಹತ್ತು ಸೆಂಟಿಮೀಟರಿಗೊಂದರಂತೆ ಎಳೆದಿರುವ ಗೆರೆಗಳಲ್ಲಿ ಎಷ್ಟನೆಯದಕ್ಕೆ ಕೇಳಿಸಿತು ಎಂದು ಶೀಟಿನಲ್ಲಿ ಬರೆಯುವುದು. ಹದಿನಾಲ್ಕು ವರ್ಷದಿಂದ ಇದೇ.

ಗಾಡಿ ಹಿಂದೆ ಕಂಬದಕ್ಕ. ಆಕೆಯ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಪೈಪು ನಿಲ್ಲಿಸುವುದು, ಹಲಗೆ ನಿಲ್ಲಿಸುವುದು, ಕಂಬಳಿ ಸುತ್ತಿದ ಸ್ಪಂಜಿನ ದಿಂಡು ಇಡುವುದು ಆಕೆಯ ಪಾಲು. ದಿಂಡಿಗೆ ಸೆನ್ಸರ್ ಕೂಗದಿದ್ದರೂ ತಪ್ಪಿಲ್ಲ, ಸ್ಪಂಜು ಶಬ್ದವನ್ನು ನುಂಗಿಬಿಡುತ್ತದೆ. ಗಾಡಿ ಕೊಳ್ಳುವವರ ಪುಸ್ತಕದಲ್ಲೂ ಬರೆದಿದ್ದಾರೆ, ಮೆತ್ತನೆಯ ವಸ್ತು ತಗಲುವವರೆಗೂ ತಿಳಿಯದೇ ಇರಬಹುದು ಎಂದು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ "ಬರ್ಲಾ?" ಅನ್ನಬೇಕು. ಆಕೆ "ಬರ್ಲಿ, ಬರ್ಲಿ" ಅಂದ ಮೇಲೇ ಗಾಡಿ ಹಿಂದಕ್ಕೆ. ಆಮೇಲೆ ಗಾಜು ಏರಿಸಿ ಕೂರುವುದು.

ಆರಕ್ಕೆ ಆರೂ ಫೇಲ್. ಪೈಪು ಹತ್ತಿರ ಬಂದರೂ ಸದ್ದಿಲ್ಲ. ಮೂವತ್ತಕ್ಕೆ ಬಂದಾಗ ಏನೋ ಸೊಳ್ಳೆ ಹಾಡಿದ ಹಾಗೆ. ಈ ಸಲ ಯಾವನೋ ದರಿದ್ರ ಬಜರ್ ಕಳಿಸಿದ್ದಾನೆ.

ಬೆಳಿಗ್ಗೆ ಕನ್ನಡಕ ಮನೆಯಲ್ಲೇ ಮರೆತಿದ್ದೆ. ಮಧ್ಯಾಹ್ನ ಗಾಡಿಯೊಳಗೇ ಊಟದ ಡಬ್ಬಿ ಬಿಚ್ಚಿದ್ದಾಗ ಹೆಂಡತಿಯ ಫೋನ್. ಕೈ ಅಂಟಾಗಿತ್ತು, ಸ್ಪೀಕರಿಗೆ ಹಾಕಿ ಡ್ಯಾಶ್‌ಬೋರ್ಡ್ ಮೇಲೆ ಇಟ್ಟೆ. ಏನೇನೋ ಹೇಳಿದಳು, ಹೂಂ ಅಂದೆ. ಕೊನೆಗೆ "ಬರ್ಲಾ?" ಅಂದಳು. "ಬರ್ಲಿ, ಬರ್ಲಿ" ಅಂದೆ. ಅಂದಿದ್ದಕ್ಕೆ ನನಗೇ ನಗು ಬಂತು. ಕನ್ನಡಕ ತರುತ್ತಾಳೆ ಅಂತ ಗೇಟಿನ ಹತ್ತಿರ ಹೋಗಿ ನಿಂತೆ. ಹತ್ತು ನಿಮಿಷ. ಬರಲಿಲ್ಲ.

ಮನೆಗೆ ಬಂದರೆ ಬೀಗ. ಕನ್ನಡಕ ಮೇಜಿನ ಮೇಲೇ ಇತ್ತು. ಮೊಬೈಲಿನಲ್ಲಿ ಮೆಸೇಜು: ಅಕ್ಕನ ಮನೇಲಿದ್ದೀನಿ. ಸರಿ ಅಂತ ಕಳಿಸಿದೆ.

ಮಾರ್ಚ್ 6, ಗುರುವಾರ

ಅವಳು ಬಂದಿಲ್ಲ. ಅವಳ ಅಕ್ಕನಿಗೆ ಮಂಡಿ ನೋವು ಜಾಸ್ತಿಯಾಗಿರಬೇಕು. ಹೊಲಿಗೆ ಯಂತ್ರದ ಮೇಲೆ ಅರ್ಧ ಹೊಲಿದ ಸ್ಕೂಲ್ ಯೂನಿಫಾರ್ಮು ಹಾಗೇ ಬಿದ್ದಿದೆ, ಒಂದು ತೋಳು ಇದೆ, ಇನ್ನೊಂದಿಲ್ಲ. ಅವಳು ಹೀಗೆ ಅರ್ಧಕ್ಕೆ ಬಿಡುವವಳಲ್ಲ.

ಇವತ್ತೂ ಏಳಕ್ಕೆ ಏಳು ಫೇಲ್. ನಮ್ಮ ಸೂಪರ್‌ವೈಸರ್ — ಶೀಟಿನ ಮೇಲೆಲ್ಲಾ ಕೆಂಪು ಪೆನ್ನು ಆಡಿಸುವುದರಿಂದ ಅವರಿಗೆ ಮೇಷ್ಟ್ರು ಅಂತಲೇ ಹೆಸರು — ಬಂದು ನೋಡಿ ಹೋದರು.

"ಏನ್ರೀ ಇದು? ನಿಮ್ಮ ಕೈಗೆ ಸಿಕ್ಕಿದ್ರೆ ಸ್ಕೂಲ್ ಗಂಟೇನೂ ಫೇಲ್ ಮಾಡ್ತೀರಾ!"

ನಕ್ಕೆ. ಎಲ್ಲರೂ ನಗುತ್ತಿದ್ದರು.

ಮಾರ್ಚ್ 9, ಭಾನುವಾರ. ಬೆಳಿಗ್ಗೆ 11

ನಾನೇ ಫೋನ್ ಮಾಡಿದೆ. ಯಾವಾಗ ಬರ್ತೀಯ ಅಂದೆ. ಅವಳು ಏನೋ ಅಂದಳು. ಲೈನು ಸರಿಯಿರಲಿಲ್ಲ. ಈ ಮೊಬೈಲಿನ ಸ್ಪೀಕರ್ ಕೆಟ್ಟಿದೆ, ಹೊಸದು ತಗೋಬೇಕು. ಅವಳೂ ಅಷ್ಟೇ, ಮಾತನ್ನೆಲ್ಲಾ ಗಂಟಲಲ್ಲೇ ಇಟ್ಟುಕೊಂಡು ಆಡುತ್ತಾಳೆ. ಹೂಂ ಅಂದೆ. ಕಟ್ ಆಯಿತು.

ಮಧ್ಯಾಹ್ನ 2.30

ಅವಳ ಅಕ್ಕನ ಮೆಸೇಜು. ಹಾಗೇ ಇಳಿಸಿಕೊಳ್ಳುತ್ತೇನೆ.

"ಇನ್ನು ಈ ಜಾಣಕಿವುಡು ಸಾಕು. ಅವಳು ಕೇಳಿದ್ದಕ್ಕೆಲ್ಲಾ ಅವತ್ತು ನೀವೇ ಒಪ್ಪಿದ್ದೀರಿ. ಇನ್ಮೇಲೆ ಇಲ್ಲೇ ಇರ್ತಾಳೆ. ಕೆಲಸಾನೂ ನೋಡಿದ್ದೀವಿ."

ನಾನು ಏನು ಒಪ್ಪಿದೆ? ಯಾವತ್ತು?

ಹತ್ತು ಸಲ ಓದಿದೆ. ಇಪ್ಪತ್ತೊಂದು ವರ್ಷದಲ್ಲಿ ಅವಳನ್ನು ಒಂದು ಸಲವೂ ಗದರಿಲ್ಲ. ಕುಡಿಯುವುದಿಲ್ಲ. ಸಂಬಳ ತಂದು ಅವಳ ಕೈಗೇ ಕೊಡುತ್ತೇನೆ. ಮನೆಯಲ್ಲಿ ಇರುವವರು ನಾವಿಬ್ಬರೇ, ಜಗಳಕ್ಕಾದರೂ ಮಾತು ಬೇಕಲ್ಲ... ಮಾತೇ ಇರಲಿಲ್ಲ. ನಾನು ಅದನ್ನೇ ನೆಮ್ಮದಿ ಅಂದುಕೊಂಡಿದ್ದೆ. ಇದಕ್ಕಿಂತ ಹೆಚ್ಚು ಬರೆಯಲು ಈಗ ಆಗುತ್ತಿಲ್ಲ.

ಮಾರ್ಚ್ 13, ಗುರುವಾರ

ಬಜರ್ ಕಂಪನಿಯಿಂದ ಒಬ್ಬ ಬಂದಿದ್ದ. ನಾನು ಫೇಲ್ ಮಾಡಿದ್ದು ಒಟ್ಟು ಇಪ್ಪತ್ತೆಂಟು. ಅಷ್ಟನ್ನೂ ಅವರು ಅಲ್ಲಿ ಪರೀಕ್ಷೆ ಮಾಡಿದ್ದಾರೆ. ಇಪ್ಪತ್ತೆಂಟೂ ಸರಿಯಿವೆಯಂತೆ.

ನನಗೆ ಸಿಟ್ಟು ನೆತ್ತಿಗೇರಿತು. ಬಾರಯ್ಯ, ಪಕ್ಕದಲ್ಲಿ ಕೂತು ನೀನೇ ಕೇಳು ಅಂದೆ. ಕೂತ. ರಿವರ್ಸ್ ಹಾಕಿದೆ. ಹದಿನೈದನೇ ಗೆರೆ, ಹನ್ನೆರಡು, ಹತ್ತು... ಸದ್ದಿಲ್ಲ. ನೋಡಿದೆಯಾ ಅನ್ನುವ ಹಾಗೆ ಅವನ ಕಡೆ ತಿರುಗಿದೆ.

"ಕೇಳಿಸ್ತಿದೆಯಲ್ಲಾ ಸಾರ್," ಅಂದ.

ಹಿಂದಿನ ಸೀಟಿನಲ್ಲಿದ್ದ ಮೇಷ್ಟ್ರು ಗಾಜು ಇಳಿಸಿ ಕಂಬದಕ್ಕನನ್ನು ಕರೆದರು. ಆಕೆ ಪೈಪನ್ನು ಅಲ್ಲೇ ನಿಲ್ಲಿಸಿ ಬಂದು ಕಿಟಕಿಗೆ ತಲೆ ಇಟ್ಟಳು. ನನ್ನ ಮುಖ ನೋಡಲಿಲ್ಲ.

"ಕೇಳಿಸ್ತಿದೆ," ಅಂದಳು. ಆಮೇಲೆ ತಪ್ಪು ಮಾಡಿದವಳ ಹಾಗೆ, "ಸ್ವಲ್ಪ ಸಣ್ಣಕ್ಕಿದೆ," ಅಂತ ಸೇರಿಸಿದಳು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ಎಷ್ಟು ಜನರಿಗೆ ಹೇಳಿದ್ದೇನೋ ನಾನು.

ಮಾರ್ಚ್ 14, ಶುಕ್ರವಾರ. ಮಧ್ಯಾಹ್ನ 4, ಯಾರ್ಡಿನಲ್ಲೇ

ಈಗಲೇ ಬರೆದುಬಿಡುತ್ತೇನೆ, ಆಮೇಲೆ ಒಂದು ಅಕ್ಷರವೂ ಆಚೀಚೆ ಆಗಬಾರದು.

ಮೇಷ್ಟ್ರು ಕೋಣೆಗೆ ಕರೆದರು. ಹೊಸ ಮಾಡೆಲ್ ಶುರುವಾದಾಗಿನಿಂದ ಬಜರ್ ಎಷ್ಟು ಜೋರಾಗಿದೆ ಎಂದು ಅಳೆಯಲು ಗಾಡಿಯಲ್ಲಿ ತಲೆದಿಂಬಿನ ಪಕ್ಕ ಒಂದು ಮೈಕು ಸಿಕ್ಕಿಸಿದ್ದಾರೆ. ಬೆಳಿಗ್ಗೆ ಆನ್ ಮಾಡಿದರೆ ಸಂಜೆಯವರೆಗೂ ಓಡುತ್ತದೆ. ನನಗೆ ಗೊತ್ತಿತ್ತು, ಮರೆತೇಹೋಗಿತ್ತು. ಕಂಪ್ಯೂಟರಿನಲ್ಲಿ ನಾಲ್ಕನೇ ತಾರೀಖಿನ ಫೈಲು ತೆಗೆದು ತೋರಿಸಿದರು. ನಾನು "ಶಬ್ದವಿಲ್ಲ" ಅಂತ ಬರೆದ ಕಡೆಯೆಲ್ಲಾ ಪರದೆಯ ಮೇಲೆ ಸಾಲಾಗಿ ಮುಳ್ಳು ಎದ್ದಿವೆ.

"ಇದೆಲ್ಲಾ ಬಜರ್. ಕೂಗ್ತಾನೇ ಇದೆ ನೋಡಿ. ನಾನ್ ಬೈತಾ ಇಲ್ಲ. ಒಂದ್ಸಲ ಕಿವಿ ತೋರ್ಸಿ."

ಹೆಡ್‌ಫೋನ್ ಹಾಕಿಕೊಂಡು ಮುಂದಕ್ಕೆ ಎಳೆದು ನೋಡುತ್ತಾ ಹೋದರು. ಮಧ್ಯಾಹ್ನ ಒಂದು ಗಂಟೆ ಹನ್ನೆರಡು ನಿಮಿಷದ ಹತ್ತಿರ ನಿಂತರು. ಮುಖ ಬದಲಾಯಿತು. ಹೆಡ್‌ಫೋನ್ ತೆಗೆದು ನನ್ನ ಮುಂದೆ ಇಟ್ಟರು. ವಾಲ್ಯೂಮನ್ನು ಕೊನೆಯವರೆಗೂ ತಿರುಗಿಸಿದರು.

"ಇದು ನಿಮ್ದು. ನಾನ್ ಟೀ ಕುಡ್ಕೊಂಡ್ ಬರ್ತೀನಿ." ಬಾಗಿಲು ಎಳೆದುಕೊಂಡು ಹೋದರು.

ಕೇಳಿಸಿಕೊಂಡಿದ್ದು ಹೀಗಿದೆ.

ಅವಳು: ರೀ. (ಸ್ವಲ್ಪ ಬಿಟ್ಟು) ರೀ, ಕೇಳಿಸ್ತಿದ್ಯಾ?

ನಾನು: ಹೂಂ.

ಅವಳು: ಎದುರಿಗೆ ಕೇಳೋಕೆ ಧೈರ್ಯ ಬರಲ್ಲ, ಅದಕ್ಕೇ ಫೋನಲ್ಲಿ ಕೇಳ್ತಿದ್ದೀನಿ. ನನ್ನ ಜೊತೆ ಮಾತಾಡೋಕೆ ನಿಮಗೆ ಬೇಜಾರಾ?

ನಾನು: ಹೂಂ.

ಇಲ್ಲಿ ಎಂಟು ಸೆಕೆಂಡು ಏನೂ ಇಲ್ಲ. ನನ್ನ ಡಬ್ಬಿಯ ಮುಚ್ಚಳ ಬಿದ್ದ ಸದ್ದು.

ಅವಳು: ನಾನು ಅಕ್ಕನ ಹತ್ರ ಹೋಗಿ ಇದ್ದುಬಿಟ್ರೆ ನಿಮಗೆ ನೆಮ್ಮದಿನಾ?

ನಾನು: ಹೂಂ ಹೂಂ.

ಮೂಗು ಒರೆಸಿಕೊಂಡಿದ್ದು ಕೇಳಿಸುತ್ತದೆ. ಆಮೇಲೆ, ಸ್ವಲ್ಪ ಜೋರಾಗಿ —

ಅವಳು: ಹಾಗಾದ್ರೆ... ಬರ್ಲಾ?

ನಾನು: ಬರ್ಲಿ, ಬರ್ಲಿ.

ಮತ್ತೆ ನನ್ನ ನಗು. ನಕ್ಕಿದ್ದೇನೆ. ಫೈಲಿನಲ್ಲಿದೆ.

ಮಾರ್ಚ್ 15, ಶನಿವಾರ

ನಿನ್ನೆಯದನ್ನು ಓದಿದೆ. ಒಂದು ಸುಳ್ಳು ಬಾಕಿಯಿದೆ, ಅದನ್ನೂ ಬರೆಯಬೇಕು. ಮೊಬೈಲು, ಲೈನು, ಬಜರ್, ಅವಳ ಗಂಟಲು ಅಂತೆಲ್ಲಾ ಬರೆದಿದ್ದೇನೆ. ನನಗೆ ಗೊತ್ತಿತ್ತು.

ಎರಡು ವರ್ಷದಿಂದ ಗೊತ್ತಿತ್ತು. ಮೊದಲು ಗಡಿಯಾರದ ಟಿಕ್‌ಟಿಕ್ ಹೋಯಿತು, ಸೆಲ್ ಮುಗಿದಿದೆ ಅಂದುಕೊಂಡು ಹೊಸದು ಹಾಕಿದೆ. ಆಮೇಲೆ ಮಾತಿನ ತುದಿಗಳು. ಯಾರಾದರೂ ನಕ್ಕರೆ ನಗುವುದು, ತಲೆ ಆಡಿಸಿದರೆ ಆಡಿಸುವುದು, ತುಟಿ ನಿಂತ ಕೂಡಲೇ ಹೂಂಗುಟ್ಟುವುದು — ಕಲಿತುಬಿಟ್ಟೆ. ಹೂಂ ಅಂದರೆ ಯಾರೂ ಮತ್ತೆ ಏನೂ ಕೇಳುವುದಿಲ್ಲ. ನಮ್ಮ ಭಾಷೆಯಲ್ಲಿ ಇಷ್ಟು ಸಲೀಸಾದ ಉತ್ತರ ಇನ್ನೊಂದಿಲ್ಲ. ಹಳೇ ಬಜರುಗಳ ದನಿ ದಪ್ಪ, ಅದು ಕೇಳಿಸುತ್ತಿತ್ತು, ಹಾಗಾಗಿ ಕೆಲಸ ನಡೆಯಿತು. ಕಿವಿಯಿಂದ ಅನ್ನ ತಿನ್ನುವವನು ಕಿವಿ ಹೋಯಿತು ಅಂತ ಯಾರ ಮುಂದೆ ಹೇಳಲಿ? ಅವಳ ಮುಂದೆ ಹೇಳಬಹುದಿತ್ತು. ನಾಚಿಕೆಯಾಗುತ್ತಿತ್ತು.

ಜಾಣಕಿವುಡು ಅಂದಿದ್ದಾರೆ ಅವಳ ಅಕ್ಕ. ಜಾಣಕಿವುಡು ಅಂದರೆ ಕೇಳಿಸಿದರೂ ಕೇಳಿಸದ ಹಾಗೆ ಇರುವುದು. ನಂದು ಉಲ್ಟಾ. ಕೇಳಿಸದೇ ಇದ್ದರೂ ಕೇಳಿಸಿದ ಹಾಗೆ ಇದ್ದೆ. ಅವಳು ಅಡುಗೆಮನೆಯಿಂದ ಎಷ್ಟು ಸಲ ರೀ ಅಂದಳೋ. ನಾನು ಬೆನ್ನು ತಿರುಗಿಸಿ ಕೂತಿರುತ್ತಿದ್ದೆ.

ಮಾರ್ಚ್ 18, ಮಂಗಳವಾರ

ಕಿವಿ ಡಾಕ್ಟರ್. ಗಾಜಿನ ಪೆಟ್ಟಿಗೆಯಂಥ ಕೋಣೆಯೊಳಗೆ ಕೂರಿಸಿ, ಶಬ್ದ ಬಂದಾಗ ಗುಂಡಿ ಒತ್ತಿ ಅಂದರು. ಹದಿನಾಲ್ಕು ವರ್ಷ ಮಾಡಿದ ಕೆಲಸವೇ, ಈ ಸಲ ಬಂಪರ್ ನಾನು. ಎಷ್ಟೋ ಹೊತ್ತು ಏನೂ ಬರಲಿಲ್ಲ. ಇನ್ನೂ ಶುರು ಮಾಡಿಲ್ಲ ಅಂದುಕೊಂಡು ಗಾಜಿನಾಚೆ ನೋಡಿದರೆ ಅವರು ಆಗಲೇ ಅರ್ಧ ಹಾಳೆ ಬರೆದಿದ್ದರು.

"ಸಣ್ಣ ದನಿ ಪೂರ್ತಿ ಹೋಗಿದೆ. ಹೆಂಗಸರ ದನಿ, ಮಕ್ಕಳ ದನಿ, ಅದರಲ್ಲೂ ಮೆಲ್ಲಗೆ ಮಾತಾಡೋರದ್ದು ಕಷ್ಟ. ಹೆಂಡ್ತಿ ಮಾತು ಕೇಳಿಸ್ತಿಲ್ಲ ಅಂತ ಎಲ್ಲಾ ಗಂಡಸ್ರೂ ಹೇಳ್ತಾರೆ ಬಿಡಿ, ನಿಮ್ಮ ಹತ್ರ ಸರ್ಟಿಫಿಕೇಟ್ ಇದೆ!"

ಬಾಯಿ ನೋಡಿಕೊಂಡಿದ್ದರಿಂದ ಪೂರ್ತಿ ತಿಳಿಯಿತು. ನಗಬೇಕಿತ್ತು, ಅಳು ಬಂತು. ಡಾಕ್ಟರ್ ಪಾಪ ಗಾಬರಿಯಾಗಿ ನೀರು ಕೊಟ್ಟರು. ಮೆಷಿನ್ ಹಾಕಿದರೆ ಬಹಳಷ್ಟು ಕೇಳಿಸುತ್ತದಂತೆ. ಬರಲು ಎರಡು ವಾರ.

ಮಾರ್ಚ್ 20, ಗುರುವಾರ

ಮೇಷ್ಟ್ರಿಗೆ ವರದಿ ಕೊಟ್ಟೆ. ಓದಿ ಮಡಚಿ ಜೇಬಿಗೆ ಹಾಕಿಕೊಂಡರು. ಕೆಂಪು ಪೆನ್ನು ತೆಗೆಯಲಿಲ್ಲ.

ಸೀಟು ಹೋಯಿತು. ನಾಳೆಯಿಂದ ಕಂಬದಕ್ಕ ಗಾಡಿಯಲ್ಲಿ, ನಾನು ಕಂಬದ ಹತ್ತಿರ. ಆಕೆಗೆ ಲೈಸೆನ್ಸ್ ಇದೆ ಅಂತ ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಎಷ್ಟೋ ಸಲ ಹೇಳಿದ್ದಳಂತೆ.

ಮಾರ್ಚ್ 23, ಭಾನುವಾರ. ಸಂಜೆ

ಅವಳ ಅಕ್ಕನ ಮನೆಗೆ ಹೋಗಿಬಂದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. ಮೊದಲು ಕಿವಿಯ ವಿಷಯ. ಆಮೇಲೆ ಫೈಲಿನ ವಿಷಯ. ಆಮೇಲೆ ಮನೆಗೆ ಬಾ ಅನ್ನುವುದು.

ಅವಳ ಅಕ್ಕ ಬಾಗಿಲು ತೆಗೆದವರು ಒಳಗೆ ಹೋಗಿ ಟಿವಿ ನಿಲ್ಲಿಸಿದರು. ಅಷ್ಟು ಉಪಕಾರ ಮಾಡಿದರು. ಅವಳು ಎದುರಿಗೆ ಕೂತಳು. ಹತ್ತೊಂಬತ್ತು ದಿನಕ್ಕೇ ಇಳಿದುಹೋಗಿದ್ದಾಳೆ. ಡಾಕ್ಟರ ಹಾಳೆಯನ್ನು ಅವಳ ಮುಂದೆ ಇಟ್ಟೆ.

"ನನಗೆ ಕೇಳಿಸ್ತಿರಲಿಲ್ಲ ಕಣೇ. ಅವತ್ತು ನೀನು ಕೇಳಿದ್ದು ಒಂದೂ ಕೇಳಿಸಲಿಲ್ಲ. ಬರ್ಲಾ ಅನ್ನೋದೊಂದೇ ಕೇಳಿಸ್ತು. ಕನ್ನಡಕ ತರ್ತೀಯ ಅಂದ್ಕೊಂಡೆ. ಗೇಟ್ ಹತ್ರ ನಿಂತಿದ್ದೆ."

ಹಾಳೆಯನ್ನು ಬಹಳ ಹೊತ್ತು ನೋಡಿದಳು. ಕಣ್ಣು ತುಂಬಿತು. ಗೆದ್ದೆ ಅಂದುಕೊಂಡೆ, ಪಾಪಿ.

"ಎಷ್ಟು ದಿನದಿಂದ?" ಅಂದಳು. ನನ್ನ ಕಡೆ ತಿರುಗಿ, ಬಿಡಿಸಿ ಬಿಡಿಸಿ, ಕೇಳಿಸುವ ಹಾಗೆ.

"ಎರಡು ವರ್ಷ."

"ಗೊತ್ತಿತ್ತಾ ನಿಮಗೆ?"

ಇಲ್ಲಿ ಹೂಂ ಅನ್ನುವುದೇ ನಿಜವಾಗಿತ್ತು. ಅಂದೆ.

"ಎರಡು ವರ್ಷ ನಾನು ಏನು ತಪ್ಪು ಮಾಡಿದೆ ಅಂತ ಹುಡುಕಿದೀನಿ. ಅಡುಗೆ ಬದಲಾಯಿಸಿ ನೋಡಿದೆ. ಸೀರೆ ಬದಲಾಯಿಸಿ ನೋಡಿದೆ. ಸುಮ್ಮನಿದ್ದು ನೋಡಿದೆ. ಕನ್ನಡಿ ಮುಂದೆ ನಿಂತ್ಕೊಂಡು, ನನ್ನ ಮಾತಲ್ಲಿ ಏನು ಕಹಿ ಇದೆ ಅಂತ ನಾನೇ ಆಡಿ ನೋಡ್ಕೊಂಡೆ. ಕೇಳಿಸಲ್ಲ ಕಣೇ ಅಂದಿದ್ರೆ ಕಿವಿ ಹತ್ರ ಬಂದು ಕೂಗ್ತಿದ್ದೆ. ಜೀವ ಇರೋವರೆಗೂ ಕೂಗ್ತಿದ್ದೆ."

ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿಬಿಟ್ಟೆ. ಮೊದಲೆಲ್ಲಾ ಹೊಲಿಯುವಾಗ ಹಾಡಿಕೊಳ್ಳುತ್ತಿದ್ದಳು.

"ಹಾಡೋದು ಯಾವಾಗ ಬಿಟ್ಟೆ ನೀನು?"

ನನ್ನನ್ನೇ ನೋಡಿದಳು.

"ಬಿಟ್ಟಿಲ್ಲ."

ಮನೆಗೆ ಬಾ ಅನ್ನುವುದು ಬಾಯಿಪಾಠದಲ್ಲಿತ್ತು, ಬಾಯಲ್ಲಿ ಬರಲಿಲ್ಲ. ಸುಸ್ತಾಗಿದೆ ಅಂದಳು. ಕಿವಿಯ ಮೇಲೆ ಕೋಪ ಇಲ್ಲ, ಹೂಂ ಮೇಲೆ ಅಂದಳು. ಸಾಮಾನು ತೆಗೆದುಕೊಂಡು ಹೋಗಲು ಬರುತ್ತೇನೆ, ತಾರೀಖು ಹೇಳುತ್ತೇನೆ ಅಂದಳು. ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದಳು.

ಏಪ್ರಿಲ್ 4, ಶುಕ್ರವಾರ

ಮೆಷಿನ್ ಬಂತು. ಎರಡು ಕಡಲೆಕಾಳು, ಕಿವಿಗೊಂದು.

ಆಸ್ಪತ್ರೆಯಿಂದ ಹೊರಗೆ ಬಂದರೆ ಲೋಕಕ್ಕೆಲ್ಲಾ ಜ್ವರ ಬಂದ ಹಾಗೆ ಗಲಾಟೆ. ನನ್ನ ಚಪ್ಪಲಿಗೆ ಸದ್ದಿದೆ. ಜೇಬಿನ ಬೀಗದ ಕೈಗಳಿಗೆ ಸದ್ದಿದೆ. ಯಾರ್ಡಿಗೆ ಹೋಗಿ ಗಾಡಿಯೊಳಗೆ ಕೂತು ಕಂಬದಕ್ಕನಿಗೆ ರಿವರ್ಸ್ ಹಾಕಲು ಹೇಳಿದೆ. ಹದಿನೈದನೇ ಗೆರೆಗೆ ಸರಿಯಾಗಿ ಕೂಗಿತು. ಎಷ್ಟು ಚೆನ್ನಾಗಿ ಕೂಗುತ್ತದೆ ಮುಂಡೇದು! ಇಪ್ಪತ್ತೆಂಟು ಬಜರಿನ ಕ್ಷಮೆ ಕೇಳಬೇಕು.

ಅವಳ ಮೆಸೇಜು ಬಂದಿದೆ. ಭಾನುವಾರ ಹತ್ತಕ್ಕೆ ಬರುತ್ತಾರೆ. ಮೆಷಿನ್ ಬಂದ ವಿಷಯ ಬರೆದು ಅಳಿಸಿದೆ. ಎದುರಿಗೆ ಹೇಳೋಣ. ಅವಳ ದನಿ ಕೇಳಿಸಿಕೊಂಡು ಆಮೇಲೆ ಹೇಳೋಣ. ಎರಡು ವರ್ಷವಾಯಿತು ಕೇಳಿ. ಈ ಸಲ ಬಾ ಅನ್ನಬೇಕು, ಇರು ಅನ್ನಬೇಕು, ಏನಾದರೂ ಅನ್ನಲೇಬೇಕು.

ಏಪ್ರಿಲ್ 6, ಭಾನುವಾರ. ಮಧ್ಯಾಹ್ನ

ಬಂದರು, ಹೋದರು.

ಅವಳ ಅಕ್ಕ ಕಾರು ತಂದಿದ್ದರು. ಹಳೇ ಕಾರು, ಸೆನ್ಸರ್ ಇಲ್ಲ. ನಮ್ಮ ಓಣಿ ಇಕ್ಕಟ್ಟು, ಹೊಲಿಗೆ ಯಂತ್ರ ಭಾರ, ಬಾಗಿಲವರೆಗೂ ಹಿಂದಕ್ಕೆ ತರಲೇಬೇಕು. ಎರಡು ಸಲ ಗೋಡೆಗೆ ತಗಲಿಸುವುದರಲ್ಲಿದ್ದರು. ಕಿಟಕಿಯಿಂದ ತಲೆ ಹಾಕಿ, ನನ್ನನ್ನು ನೋಡದೆ, "ಬರ್ಲಾ?" ಅಂದರು.

ಹಿಂದೆ ನಿಂತುಕೊಂಡು ಕೈ ಆಡಿಸಿದೆ. "ಬರ್ಲಿ... ಬರ್ಲಿ... ಬಲಕ್ಕೆ... ಬರ್ಲಿ... ಸಾಕು." ಹೊಸಿಲಿಗೆ ಸರಿಯಾಗಿ ಮೂವತ್ತು ಸೆಂಟಿಮೀಟರು. ಇಷ್ಟು ನಾಜೂಕಾಗಿ ಯಾವ ಗಾಡಿಯನ್ನೂ ನಿಲ್ಲಿಸಿಲ್ಲ ನಾನು.

ಅವಳು ಒಳಗೆ ಬಟ್ಟೆ ಮಡಚುತ್ತಿದ್ದಳು. ಯಂತ್ರದ ಚಕ್ರ ಬಿಚ್ಚುತ್ತಾ ಹಾಲ್‌ನಲ್ಲಿ ಕೂತಿದ್ದೆ, ಅವಳಿಗೆ ಬೆನ್ನು ಹಾಕಿ. ಆಗ ಕೇಳಿಸಿತು. ಗುನುಗುತ್ತಿದ್ದಳು. ಪದ ಇಲ್ಲ, ಬರೀ ರಾಗ, ನಡುನಡುವೆ ಮೂಗು ಕಟ್ಟಿದ ಹಾಗೆ. ಮದುವೆಯಾದ ಹೊಸದರಲ್ಲಿ ಗುನುಗುತ್ತಿದ್ದ ಅದೇ ರಾಗ. ನನಗೆ ಕೇಳಿಸುವುದಿಲ್ಲ ಅಂದುಕೊಂಡು ಧೈರ್ಯವಾಗಿ ಗುನುಗುತ್ತಿದ್ದಳು. ಚಕ್ರವನ್ನು ಹಿಡಿದುಕೊಂಡು ಹಾಗೇ ಕೂತೆ. ಕೂದಲು ಕಿವಿ ಮುಚ್ಚಿತ್ತು, ಮೆಷಿನ್ ಅವಳಿಗೆ ಕಂಡಿರಲಿಲ್ಲ. ಎದ್ದು ಹೋಗಿ ಹೇಳಿದರೆ ಹಾಡು ನಿಂತುಬಿಡುತ್ತದೆ ಅಂತ ಹೆದರಿಕೆಯಾಯಿತು. ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ ಅಂತ ಕೂತೆ. ಪೆಟ್ಟಿಗೆ ಮುಚ್ಚಿದ ಸದ್ದು ಬಂತು.

ಅರ್ಧ ಹೊಲಿದ ಯೂನಿಫಾರ್ಮನ್ನೂ ತೆಗೆದುಕೊಂಡಳು. ಹೊಸಿಲಲ್ಲಿ ನಿಂತು ನನ್ನ ಕಡೆ ತಿರುಗಿ, ಕಿವುಡನಿಗೆ ಹೇಳುವ ಹಾಗೆ ಬಾಯಿ ಅಗಲಿಸಿ ಅಂದಳು.

"ಬರ್ಲಾ?"

ಹೂಂ ಅನ್ನಲಿಲ್ಲ. ಬರ್ಲಿ ಅನ್ನಲಿಲ್ಲ. "ಬೇಡ," ಅಂದೆ. "ಹೋಗ್ಬೇಡ. ಇರು."

ಒಂದು ಕ್ಷಣ ನಿಂತಳು. ಆಮೇಲೆ ಮೆಟ್ಟಿಲಿಳಿದು ಕಾರಿನ ಮುಂದಿನ ಬಾಗಿಲಿಗೆ ನಡೆದಳು. ಹತ್ತು ಹೆಜ್ಜೆ. ಬೆನ್ನು ಈ ಕಡೆ. ತನಗೆ ತಾನೇ ಅನ್ನುವ ಹಾಗೆ, ಗಂಟಲಲ್ಲೇ, ತೀರಾ ಮೆಲ್ಲಗೆ ಅಂದಳು.

"ಇದನ್ನ ಅವತ್ತು ಅಂದಿದ್ರೆ ಸಾಕಾಗಿತ್ತು."

ಕೇಳಿಸಿತು. ಒಂದಕ್ಷರ ಬಿಡದೆ ಕೇಳಿಸಿತು. ಕೇಳಿಸಿತು ಕಣೇ ಅಂತ ಕೂಗುವಷ್ಟರಲ್ಲಿ ಕಾರಿನ ಬಾಗಿಲು ಹಾಕಿಕೊಂಡಳು.

ಏಪ್ರಿಲ್ 9, ಬುಧವಾರ. ಬೆಳಿಗ್ಗೆ 6.40

ಫ್ರಿಜ್ಜು ಕೇಳಿಸುತ್ತದೆ. ಬಚ್ಚಲಿನ ನಲ್ಲಿ ತೊಟ್ಟಿಕ್ಕುವುದು ಕೇಳಿಸುತ್ತದೆ, ಎಷ್ಟು ತಿಂಗಳಿಂದ ತೊಟ್ಟಿಕ್ಕುತ್ತಿದೆಯೋ, ಅವಳು ಹೇಳಿಯೂ ಇದ್ದಿರಬೇಕು. ಗಡಿಯಾರ ಕೇಳಿಸುತ್ತದೆ. ಈ ಪೆನ್ನು ಹಾಳೆಯ ಮೇಲೆ ಓಡುವುದೂ ಕೇಳಿಸುತ್ತದೆ.

ಅಡುಗೆಮನೆಗೆ ಬೆನ್ನು ಹಾಕಿ ಕೂತಿದ್ದೇನೆ, ಮೊದಲಿನ ಹಾಗೇ. ಈಗ ಒಂದೇ ಒಂದು ಸಲ, ಎಷ್ಟು ಮೆಲ್ಲಗಾದರೂ ಸರಿ, ಹಿಂದಿನಿಂದ ರೀ ಅಂದರೆ ಸಾಕು.